ಸೋಪಕ್ಕನ ಬೆರಳಚ್ಚು

ಹತ್ತೊಂಬತ್ತು ವರ್ಷದಲ್ಲಿ ಆರು ರಾಜ್ಯ ಸುತ್ತಿ, ಸಿಕ್ಕ ಸಿಕ್ಕ ಆಸ್ಪತ್ರೆಯಲ್ಲಿ ಮೂರು ಮೂರು ತಿಂಗಳು ಠಿಕಾಣಿ ಹೂಡಿದ ಆ ನರ್ಸಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೋಪಕ್ಕ ಎಂದೇ. ಬಾಗಿಲ ಹಿಡಿ ಮುಟ್ಟಿದರೆ ಕೈ ತೊಳೆಯುವಳು. ನಲ್ಲಿ ಮುಟ್ಟಿದ್ದಕ್ಕೆ ಇನ್ನೊಮ್ಮೆ. ರಾಜರು ಕತ್ತಿ ಹಿಡಿದು ರಾಜ್ಯ ಗೆದ್ದರು, ಈಕೆ ಸೋಪು ಹಿಡಿದು ಗೆದ್ದಳು. ರಾಜ್ಯಕ್ಕೊಂದರಂತೆ ಆರು ನರ್ಸಿಂಗ್ ಲೈಸೆನ್ಸು ಅವಳ ಪೆಟ್ಟಿಗೆಯಲ್ಲಿದ್ದವು.

ಏಳನೆಯ ರಾಜ್ಯದಲ್ಲಿ ಅವಳನ್ನು ಕರೆದದ್ದು ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿಗೆ. ಬಹಳ ವರ್ಷಗಳಿಂದ ಅವಳು ಕಣ್ಣಿಟ್ಟಿದ್ದ ಜಾಗ. ಸೋಮವಾರದೊಳಗೆ ಲೈಸೆನ್ಸು ಬಾರದಿದ್ದರೆ ಅದು ಬೇರೆಯವರ ಪಾಲು. ಕಾಗದಪತ್ರವೆಲ್ಲ ಪಾಸಾಗಿ, ಶುಕ್ರವಾರಕ್ಕೆ ಬೆರಳಚ್ಚೊಂದೇ ಉಳಿದಿತ್ತು. ನಾದಿನಿಯನ್ನು ಜೊತೆಗಿಟ್ಟುಕೊಂಡು ಲೈಸೆನ್ಸು ಕಚೇರಿಯ ಮೇಲೆ ದಂಡೆತ್ತಿ ಹೋದಳು.

ಯಂತ್ರದ ಗಾಜಿನ ಮೇಲೆ ಬೆರಳಿಟ್ಟಳು. ಕೆಂಪು ದೀಪ.

"ಏನಮ್ಮಾ, ನಿಮ್ಮ ಬೆರಳಲ್ಲಿ ಗೆರೇನೇ ಇಲ್ವಲ್ಲ! ಎಲ್ಲಿ ಹೋಯ್ತು?" ಎಂದ ಗುಮಾಸ್ತ.

"ಆರು ರಾಜ್ಯದ ಮೋರೀಲಿ ಹುಡುಕಿ, ಸಿಗುತ್ತೆ."

"ಹೋಗಲಿ, ಇನ್ನೊಂದ್ಸಲ ಇಡಿ."

ಊರವರೆಲ್ಲ ಮುಟ್ಟಿದ ಗಾಜು! ಸೋಪಕ್ಕ ನೆಟ್ಟಗೆ ನಲ್ಲಿಗೆ ಹೋಗಿ, ಮೊಳಕೈವರೆಗೆ ಉಜ್ಜಿ ಬಂದಳು. ಮತ್ತೆ ಕೆಂಪು. ಮತ್ತೆ ನಲ್ಲಿ. ಮೂರನೆಯ ಸಲ ಯಂತ್ರ ಅವಳನ್ನು ಮನುಷ್ಯಳೆಂದೇ ಒಪ್ಪಲಿಲ್ಲ.

ನಾದಿನಿ ತಲೆ ಚಚ್ಚಿಕೊಂಡಳು. "ಅತ್ತಿಗೆ, ನೀವು ತೊಳೀತಿರೋದು ಕೈಯಲ್ಲ, ಕೆಲಸಕ್ಕೇ ಕೈ ತೊಳ್ಕೊಳ್ತಿದ್ದೀರಿ! ಇರೋ ಅರ್ಧ ಗೆರೇನೂ ನೀರಿಗೆ ಬಿಟ್ರೆ ಆ ಯಂತ್ರ ಪಾಪ ಏನು ಮಾಡುತ್ತೆ?"

ಒಣಗಿದ ಗೆರೆ ಮೇಲೇಳಲೆಂದು ಹತ್ತು ಬೆರಳಿಗೂ ಕ್ರೀಮು ಮೆತ್ತಿ ಬೆಂಚಿನ ಮೇಲೆ ಕೂರಿಸಿದಳು. ಅರ್ಧ ಗಂಟೆ ಕೈ ತೊಳೆಯಬಾರದು! ಅಂಥ ತಪಸ್ಸನ್ನು ಯಾವ ಋಷಿಯೂ ಮಾಡಿರಲಾರ. ಪಕ್ಕದವನೊಬ್ಬ ಅಂಗೈಗೆ ಸೀನಿ, ಅದೇ ಕೈಯಿಂದ ಇವಳಿಗೆ ಪೆನ್ನು ಚಾಚಿದ. ಸೋಪಕ್ಕ ಎದ್ದೇಬಿಟ್ಟಳು, ನಾದಿನಿ ಸೆರಗು ಜಗ್ಗಿ ಕೂರಿಸಿದಳು.

"ಬನ್ನಿ ಅಮ್ಮಾ," ಎಂದ ಗುಮಾಸ್ತ. ಕ್ರೀಮು ಒರೆಸಿ ಬೆರಳಿಟ್ಟಳು. ಹಸಿರು! ಒಂದೊಂದಾಗಿ ಹತ್ತೂ ಹಸಿರು. ಕ್ಯೂನಲ್ಲಿದ್ದವರು ಚಪ್ಪಾಳೆ ತಟ್ಟಿದರು. ವಿಜಯೋತ್ಸವ ನೋಡಲು ಸೋಪಕ್ಕ ಅಲ್ಲಿರಲಿಲ್ಲ. ನಲ್ಲಿಯ ಹತ್ತಿರ ಇದ್ದಳು.

ಸೋಮವಾರ ಏಳನೆಯ ಲೈಸೆನ್ಸನ್ನು ಎದೆಗಾನಿಸಿಕೊಂಡು ವಾರ್ಡಿನ ಬಾಗಿಲಿಗೆ ಬಂದಾಗ ಹಿರಿಯ ನರ್ಸು ಬಿಗುವಾಗಿ ಹೇಳಿದಳು: "ಹೊಸಬರಾ? ಇಲ್ಲಿ ಪೂರ್ತಿ ಮೂರು ನಿಮಿಷ ಕೈ ತೊಳೀಬೇಕು. ಕಷ್ಟ ಅನ್ಸುತ್ತೆ ಮೊದ್ಲು."

"ಮೂರೇ ನಿಮಿಷಾನಾ?" ಎಂದಳು ಸೋಪಕ್ಕ, ಮೊಳಕೈಯಿಂದ ನಲ್ಲಿ ತಿರುಗಿಸುತ್ತ.