ಕಪ್ಪಾದ ಸ್ಕ್ರೀನೂ ಡೊಂಬಿವಲಿಯ ಗರ್ದಿಯೂ

ಗುರುವಾರ ಆಫೀಸಿನಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿದೆ. ಅದನ್ನು ತಯಾರಿಸಿದ ಕಂಪನಿಯ ಲೋಗೋ ಬಂತು, ಹೋಯಿತು. ಆಮೇಲೆ ಬರೀ ಕಪ್ಪು.

ಕಾದೆ... ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಅದೇ ಕಥೆ.

ಮಗಳು ಹುಟ್ಟಿದಾಗ ಬಿಟ್ಟಿದ್ದ ಅಕೌಂಟ್ಸ್ ಕೆಲಸ ಇಷ್ಟು ವರ್ಷಗಳ ಮೇಲೆ ಡೊಂಬಿವಲಿಯ ನಮ್ಮ ಮನೆಯಿಂದ ಲೋಕಲ್ ಟ್ರೇನಿನಲ್ಲಿ ಹೋಗಬೇಕಾದ ವರ್ತಕ ನಗರದ ಒಂದು ಸಣ್ಣ ಆಫೀಸಿನಲ್ಲಿ ಮತ್ತೆ ಸಿಕ್ಕಿತ್ತು. ಲ್ಯಾಪ್‌ಟಾಪ್ ನಮ್ಮದೇ ತರಬೇಕು. ಗಂಡನ ಹಳೆಯದರಲ್ಲಿ ವಿಂಡೋಸ್ ತೆವಳುತ್ತಿತ್ತು, ಹಾಗಾಗಿ ಯೂಟ್ಯೂಬ್ ನೋಡಿ ಅದರ ಬದಲಿಗೆ ನಾನೇ ಲಿನಕ್ಸ್ ಹಾಕಿಕೊಂಡಿದ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಸೋಮವಾರದೊಳಗೆ ಸರಿ ಮಾಡಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು ಆಫೀಸಿನವರು. ಮೆತ್ತಗೇ ಹೇಳಿದರು. ನನಗೆ ಅರ್ಥವಾಯಿತು.

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಅತ್ತೆ ತೀರ್ಪು ಕೊಟ್ಟೇಬಿಟ್ಟರು.

"ಆ ಲೋಕಲ್ಲಿನ ಗರ್ದಿಯಲ್ಲಿ ಮನುಷ್ಯರೇ ಜಜ್ಜಿ ಹೋಗ್ತಾರೆ, ಇನ್ನು ಇದು ಉಳೀತದಾ? ಸಾಕು ಮಾರಾಯ್ತಿ, ಕೆಲಸ ಬಿಡು. ಮನೆಯಲ್ಲೇ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳು."

ಡೊಂಬಿವಲಿಯಲ್ಲಿ ಏನು ಕೆಟ್ಟರೂ ಲೋಕಲ್ಲಿನ ಗರ್ದಿಯೇ, ಆ ನೂಕುನುಗ್ಗಲೇ ಕಾರಣ. ಕೊಡೆ ಮುರಿದರೆ ಗರ್ದಿ, ಡಬ್ಬಿಯ ಸಾರು ಚೆಲ್ಲಿದರೆ ಗರ್ದಿ, ಸೊಂಟ ಹಿಡಿದರೂ ಗರ್ದಿ. ಟ್ರೇನ್ ಗ್ರೂಪಿನ ಗೆಳತಿಯರೂ ವಾಟ್ಸಾಪಿನಲ್ಲಿ ಅದನ್ನೇ ಹೇಳಿದರು.

ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯವನಂತೂ ಇದನ್ನು ಲೋಕಲ್ಲಿನಲ್ಲಿ ಒಯ್ಯುತ್ತೇನೆಂದು ನಾನು ಹೇಳಿದ ಕೂಡಲೇ, ತೆರೆದೂ ನೋಡದೆ, "ಗರ್ದಿ ಮೇ ದಬ್ ಗಯಾ. ಪ್ಯಾನಲ್ ಬದಲ್‌ನಾ ಪಡೇಗಾ" ಅಂದ. ಗರ್ದಿಯಲ್ಲಿ ಒತ್ತಿ ಹೋಗಿದೆ, ಸ್ಕ್ರೀನಿನ ಪ್ಯಾನಲ್ಲೇ ಬದಲಿಸಬೇಕಂತೆ.

ನಾನೂ ನಂಬಿದೆ. ಸ್ಕ್ರೀನ್ ಹೋದದ್ದಕ್ಕಿಂತ, 'ಕೆಲಸ ಬಿಡು' ಎನ್ನುವ ಮಾತು ಅಷ್ಟು ಸಲೀಸಾಗಿ ಬಂತಲ್ಲ, ಅದು ಹೆಚ್ಚು ಚುಚ್ಚಿತು.

ಶನಿವಾರ ಮಧ್ಯಾಹ್ನ ಊಟದ ಟೇಬಲ್ ಮೇಲಿಟ್ಟು ಕೊನೆಯದಾಗಿ ಒಮ್ಮೆ ಆನ್ ಮಾಡಿದೆ. ಎದುರಿಗೆ ಅತ್ತೆ ಬಸಳೆ ಹೆಚ್ಚುತ್ತಿದ್ದರು.

ಲೋಗೋ ಬಂತು. ಸ್ವಚ್ಛವಾಗಿ, ಒಂದು ಗೆರೆಯೂ ಇಲ್ಲದೆ.

ಆಗ ಹೊಳೆಯಿತು. ಪ್ಯಾನಲ್ ಜಜ್ಜಿ ಹೋಗಿದ್ದರೆ ಲೋಗೋ ಹೇಗೆ ಕಾಣುತ್ತದೆ? ಕಪ್ಪಾಗುವುದು ಲಿನಕ್ಸ್ ಶುರುವಾಗುವ ಹೊತ್ತಿಗೆ. ಅಂದರೆ ತೊಂದರೆ ಇರುವುದು ಸ್ಕ್ರೀನಿಗೆ ಚಿತ್ರ ಕಳಿಸುವ ಸಾಫ್ಟ್‌ವೇರಿನಲ್ಲಿ, ಡಿಸ್‌ಪ್ಲೇ ಡ್ರೈವರಿನಲ್ಲಿ.

ಮೊಬೈಲಿನಲ್ಲಿ ಹುಡುಕಿದೆ. ಆನ್ ಮಾಡುವಾಗಲೇ Esc ಒತ್ತಿದರೆ ಒಂದು ಮೆನು ಬರುತ್ತದೆ. ಅಲ್ಲಿ e ಒತ್ತಿ, linux ಎಂದು ಶುರುವಾಗುವ ಸಾಲಿನ ಕೊನೆಗೆ nomodeset ಎಂದು ಸೇರಿಸಬೇಕು, ಆಮೇಲೆ F10. ಗ್ರಾಫಿಕ್ಸ್ ಡ್ರೈವರನ್ನು ಸದ್ಯಕ್ಕೆ ಬಿಟ್ಟು, ಸಾದಾ ರೀತಿಯಲ್ಲಿ ಶುರುವಾಗು ಎಂದು ಹೇಳಿದ ಹಾಗೆ.

ಮೊದಲ ಸಲ ಅಕ್ಷರ ತಪ್ಪಾಯಿತು. ಎರಡನೇ ಸಲ... ಡೆಸ್ಕ್‌ಟಾಪ್ ಬಂತು! ಐಕಾನುಗಳೆಲ್ಲ ಇಡ್ಲಿ ಗಾತ್ರ, ಆದರೂ ಬಂತು.

ಡ್ರೈವರ್ ಹೊಸದಾಗಿ ಹಾಕಲು ಹೋದರೆ, ಹಿಂದಿನ ಇನ್‌ಸ್ಟಾಲ್ ಅರ್ಧಕ್ಕೇ ನಿಂತಿದೆ, ಮೊದಲು ಅದನ್ನು ಮುಗಿಸು ಎಂಬ ಮೆಸೇಜು. ಮುಗಿಸಲು ಬೇಕಾದ ಕಮಾಂಡನ್ನೂ ಅದೇ ಕೊಟ್ಟಿತ್ತು: sudo dpkg --configure -a.

ಅದನ್ನು ಓದಿದಾಗ ಗುರುವಾರ ಬೆಳಿಗ್ಗೆ ನೆನಪಾಯಿತು. ಅಪ್‌ಡೇಟ್ ನಡೆಯುತ್ತಿತ್ತು, ಮುಗಿಯುವ ಲಕ್ಷಣವಿರಲಿಲ್ಲ, ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ತಪ್ಪಿದರೆ ಮುಂದಿನದರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು, ಬಂದ್ ಮಾಡಿ, ಬ್ಯಾಗ್ ಎದೆಗೆ ಹಾಕಿಕೊಂಡು ಓಡಿದ್ದೆ.

ಪಾಪ, ಗರ್ದಿಯದ್ದು ಏನೂ ತಪ್ಪಿಲ್ಲ.

ಕಮಾಂಡ್ ಹೊಡೆದೆ, ಡ್ರೈವರ್ ಮತ್ತೆ ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಎಲ್ಲ ಮೊದಲಿನಂತೆ. ಖುಷಿಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಅತ್ತೆ ಬಸಳೆ ಬದಿಗಿಟ್ಟು ಬಂದು ಸ್ಕ್ರೀನನ್ನು ಮುಟ್ಟಿ ನೋಡಿದರು. "ಒಡೀಲೇ ಇಲ್ವಾ ಹಾಗಾದ್ರೆ?"

"ಇಲ್ಲ ಅತ್ತೆ. ಅದರ ಕೆಲಸ ಮುಗಿಯುವ ಮೊದಲೇ ನಾನು ಬಂದ್ ಮಾಡಿದ್ದೆ."

ಅವರು ಬಸಳೆಗೆ ಮರಳಿದರು.

ಸೋಮವಾರ ಆಫೀಸಿಗೆ ಹೋದೆ. ಈಗಲೂ ಹೋಗುತ್ತಿದ್ದೇನೆ.

ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಮುಚ್ಚಲು ಹೊರಟರೆ ಅಡುಗೆಮನೆಯಿಂದಲೇ ಅತ್ತೆಯ ದನಿ ಬರುತ್ತದೆ. "ಅದರ ಕೆಲಸ ಮುಗೀತಾ ನೋಡಿ ಮುಚ್ಚು. ಒಂದು ಟ್ರೇನ್ ಹೋದ್ರೆ ಇನ್ನೊಂದು ಬರ್ತದೆ. ಕೆಲಸ ಹಾಗೆ ಸಿಗುದಿಲ್ಲ."

ನಿಮ್ಮ ಮನೆಯಲ್ಲಿ ಗರ್ದಿಯ ತಲೆಗೆ ಕಟ್ಟಿದ್ದು ಏನೇನು?