ತಲೆಯ ಮೇಲೆ ತೂಗಿದ ಬಾಗಿಲು

ಕಳೆದ ವಾರ ನಮ್ಮ ಎದುರುಮನೆಯವರು ತಾರಸಿಯ ಮೇಲೆ ಹೊಸ ನೀರಿನ ಟಾಕಿ ಏರಿಸುತ್ತಿದ್ದರು. ಟಾಕಿಗೆ ನಾರಿನ ಹಗ್ಗ ಬಿಗಿದು ಮೂವರು ಮೇಲಿನಿಂದ ಎಳೆಯುತ್ತಿದ್ದರು. ಅದು ಅರ್ಧಕ್ಕೆ ಬಂದಾಗ ಅವರಲ್ಲೊಬ್ಬ, "ಏ, ಬಿಡಬ್ಯಾಡ್ರಲೇ, ಹಿಡೀರಿ!" ಎಂದು ಕೂಗಿದ. ನಾನು ಕಟ್ಟೆಯ ಮೇಲೆ ಕೊತ್ತಂಬರಿ ಸೋಸುತ್ತ ಕುಳಿತಿದ್ದೆ. ಆ ಟಾಕಿಗೂ ನನಗೂ ಏನೂ ಸಂಬಂಧವಿಲ್ಲ. ಆದರೂ ನೋಡಿಕೊಂಡರೆ ಎರಡೂ ಮುಷ್ಟಿ ಬಿಗಿದು, ಕೈಯಲ್ಲಿದ್ದ ಸೊಪ್ಪು ಹಿಂಡಿ ಹಸಿರು ರಸವಾಗಿತ್ತು. ಟಾಕಿ ಸುಖವಾಗಿ ಮೇಲೆ ಹೋಯಿತು. ಅವರು ಚಹಾ ಕುಡಿದು ಹೊರಟೂ ಹೋದರು. ನಾನು ಮಾತ್ರ ಎಷ್ಟೋ ಹೊತ್ತು ಮುಷ್ಟಿ ಬಿಡಿಸದೆ ಕುಳಿತೇ ಇದ್ದೆ. ಯಾಕೆಂದು ನಿಮಗೆ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಹಳಿಯಾಳದ ಶಾಲೆಯಲ್ಲಿ ಕಲಿಸುವವಳು. ನಮ್ಮೂರಿನ ಹವ್ಯಾಸಿ ನಾಟಕ ತಂಡಕ್ಕೆ ಪ್ರಾಂಪ್ಟರ್ ಕೂಡ ಹೌದು. ಎಂದರೆ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟರಿಗೆ ಪಿಸುಗುಟ್ಟುವ ಕೆಲಸ. ಮೊದಲ ವರ್ಷ ನನಗೂ ಒಂದು ರಾಣಿಯ ಪಾತ್ರ ಕೊಟ್ಟಿದ್ದರು. ಇದ್ದದ್ದು ಎರಡೇ ಮಾತು, ಎರಡನ್ನೂ ಮರೆತೆ. ಅಂದಿನಿಂದ ನನ್ನ ಕೈಗೆ ಪುಸ್ತಕ ಬಂತು. ಹೀಗೆ ವೇದಿಕೆಯ ಹಿಂದೆ ಸೇರಿಕೊಂಡವರ ಕತೆ ಹೆಚ್ಚುಕಡಿಮೆ ಒಂದೇ. ದಾಂಡೇಲಿಯಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವ ದಸ್ತಗೀರ್ ಒಂದು ವರ್ಷ ನಮ್ಮ ಜನರೇಟರ್ ದುರಸ್ತಿಗೆ ಬಂದವನು, ನಾಟಕ ಮುಗಿಯುವವರೆಗೆ ನಿಂತು ನೋಡಿ, ಮರುವರ್ಷ ಕರೆಯದೆಯೇ ಬಂದ. ದೀಪ, ಹಗ್ಗ, ರಾಟೆ ಎಲ್ಲ ಅವನದೇ. ಮುಂಡಗೋಡ ಕಡೆಯ ಪಾಳಾದ ನೀಲವ್ವ ಬಟ್ಟೆ ಹೊಲಿಯುವವಳು. ನಾಟಕದ ದಿನ ಅವಳ ಬಾಯಲ್ಲಿ ಸದಾ ನಾಲ್ಕು ಪಿನ್ನು ಇರುತ್ತಿದ್ದುದರಿಂದ ಅವಳ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅವಳ ಕಣ್ಣು ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಕರಪತ್ರದಲ್ಲಿ ನಮ್ಮ ಹೆಸರೆಲ್ಲ ಕೊನೆಯಲ್ಲಿ, ‘ಸಹಕಾರ’ ಎಂಬ ಮಾತಿನ ಕೆಳಗೆ, ಸಣ್ಣ ಅಕ್ಷರದಲ್ಲಿ.

ಮೂರು ವರ್ಷದ ಹಿಂದಿನ ನಾಟಕವನ್ನು ಬರೆದವಳು ನಾನೇ. ಅದರಲ್ಲಿ ಜೋಯಿಡಾ ಕಡೆಯ ಒಂದು ಹಳ್ಳಿ ಅಣೆಕಟ್ಟಿನ ನೀರಿಗೆ ಮುಳುಗುತ್ತದೆ. ಊರು ಬಿಡುವಾಗ ಅಣ್ಣ ತಮ್ಮ ಇಬ್ಬರೂ ಮನೆಯ ತಲೆಬಾಗಿಲು ತನಗೇ ಬೇಕೆಂದು ಜಗಳಕ್ಕೆ ಬೀಳುತ್ತಾರೆ. ಕೊನೆಯ ದೃಶ್ಯದಲ್ಲಿ, ಎಲ್ಲ ಮುಳುಗಿದ ಮೇಲೆ, ಆ ಬಾಗಿಲು ಮೇಲಿನಿಂದ ನಿಧಾನವಾಗಿ ಇಳಿದು ಬರಬೇಕು. ಬರೆಯುವಾಗ ಬಹಳ ಸುಲಭವಿತ್ತು.

"ಥರ್ಮಾಕೋಲ್‌ದಾಗ ಮಾಡೂಣ್ರಿ ಅಕ್ಕಾರ," ಎಂದಿದ್ದ ದಸ್ತಗೀರ್. "ಬಣ್ಣಾ ಹಚ್ಚಿದ್ರ ಯಾರಿಗೆ ತಿಳೀತೈತಿ?"

"ನನಗ ತಿಳೀತೈತಲ್ಲ," ಎಂದೆ ನಾನು. ಹಳೆ ಮನೆ ಕೆಡವುತ್ತಿದ್ದವರ ಹತ್ತಿರ ಹಲಸಿನ ಮರದ ಒಂದು ಬಾಗಿಲು ಚೌಕಟ್ಟಿನ ಸಮೇತ ಬೇಡಿ ತಂದೆ. ಹೊಸ್ತಿಲ ಮೇಲೆ ಕುಂಕುಮದ ಕಲೆ ಇನ್ನೂ ಇತ್ತು. ನಾಲ್ಕು ಜನ ಹೊತ್ತು ತರಬೇಕಾಯಿತು. ದಸ್ತಗೀರ್ ಅದನ್ನು ಎರಡು ಸಲ ಸುತ್ತು ಹಾಕಿ ನೋಡಿ, "ಬಾಳ ವಜ್ಜಾ ಐತ್ರಿ," ಎಂದಷ್ಟೇ ಹೇಳಿ ಹಗ್ಗ ತರಲು ಹೋದ.

ಪ್ರಯೋಗ ಮಧ್ಯಾಹ್ನ ಮೂರಕ್ಕೆ ಇತ್ತು. ನಿಜವಾಗಿಯೂ ಹಳ್ಳಿ ಕಳೆದುಕೊಂಡಿದ್ದ ಮೂವತ್ತು ನಲವತ್ತು ಮಂದಿ ಹಿರಿಯರು ಜೋಯಿಡಾ ಕಡೆಯಿಂದ ಬಂದಿದ್ದರು. ಕತ್ತಲಾಗುವುದರೊಳಗೆ ಅವರು ಕಾಡಿನ ದಾರಿ ದಾಟಿ ಮನೆ ಸೇರಬೇಕಿತ್ತು. ಅವರನ್ನು ಮುಂದಿನ ಎರಡು ಸಾಲಿನಲ್ಲಿ ಕೂರಿಸಿದ್ದೆವು. ಅಣ್ಣನ ಪಾತ್ರ ಬೀಜದ ಅಂಗಡಿಯ ಬಸಯ್ಯನದು. ತಮ್ಮನ ಹೆಂಡತಿಯಾಗಿ ಅವನ ಮಗಳು ಸವಿತಾ, ಆಗ ಕಾಲೇಜು ಓದುತ್ತಿದ್ದಳು.

ಮುಕ್ಕಾಲು ನಾಟಕ ಚೆನ್ನಾಗಿಯೇ ಹೋಯಿತು. ಬಾಗಿಲು ಮೇಲೆ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದಂತೆ ತೂಗುತ್ತಿತ್ತು. ಅದರ ಹಗ್ಗ ರಾಟೆ ದಾಟಿ, ಬಲಮಗ್ಗುಲಿನ ಗೋಡೆಯ ಕಬ್ಬಿಣದ ಕೊಕ್ಕೆಗೆ ಬಿಗಿದಿತ್ತು. ಕೊಕ್ಕೆಯ ಹತ್ತಿರ ದಸ್ತಗೀರ್ ಸ್ಟೂಲಿನ ಮೇಲೆ ಕುಳಿತಿದ್ದ. ನಾನು ಎದುರಿಗೆ, ಎಡಮಗ್ಗುಲಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಅಂಕದ ಪರದೆ ಬೀಳಿಸುವ ಹಗ್ಗ ನನ್ನ ಎಡಗೈ ಪಕ್ಕದಲ್ಲೇ ಇತ್ತು.

ಜಗಳದ ದೃಶ್ಯ ಸುರುವಾಗಿತ್ತು. ಒಂದು ಪುಟ ತಿರುವಿ ತಲೆ ಎತ್ತಿದರೆ ದಸ್ತಗೀರ್ ಸ್ಟೂಲಿನ ಮೇಲೆ ಇರಲಿಲ್ಲ. ನೆಲಕ್ಕೆ ಕುಳಿತು, ಗೋಡೆಗೆ ಕಾಲೊತ್ತಿ, ಹಗ್ಗ ಹಿಡಿದು ಹಿಂದಕ್ಕೆ ವಾಲಿದ್ದ. ಇವನೇನು ಆಟವಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಕಂಡಿತು: ಹಳೆಯ ಗೋಡೆಯ ಸುಣ್ಣಗಾರೆ ಅಂಗೈಯಗಲ ಉದುರಿತ್ತು, ಕೊಕ್ಕೆ ಬೇರುಸಮೇತ ಹೊರಬಂದು ಹಗ್ಗದಲ್ಲಿ ಜೋತಾಡುತ್ತಿತ್ತು. ಬಾಗಿಲಿನ ಭಾರ ಪೂರ್ತಿ ಅವನ ಎರಡು ಕೈಯಲ್ಲಿತ್ತು. ಅದರ ನೇರ ಕೆಳಗೆ ಬಸಯ್ಯ, ಸವಿತಾ ಮತ್ತು ತಮ್ಮನ ಪಾತ್ರದವನು, ಮೂವರೂ ಹೊಡೆದಾಡುವಂತೆ ಕೂಗಾಡುತ್ತಿದ್ದರು.

ದಸ್ತಗೀರ್ ನನ್ನ ಕಡೆ ನೋಡಿದ. ಗದ್ದ ಎತ್ತಿ ಪರದೆಯ ಕಡೆ ತೋರಿಸಿದ, ಒಮ್ಮೆ ಅಲ್ಲ, ಎರಡು ಸಲ.

ನನಗೆ ಅರ್ಥವಾಯಿತು: ಪರದೆ ಬೀಳಿಸಿ ನಾಟಕ ನಿಲ್ಲಿಸಬೇಕು. ಇದನ್ನು ನಾನು ಸ್ಪಷ್ಟವಾಗಿಯೇ ಹೇಳಬೇಕು. ಆಮೇಲೆ ಎಷ್ಟೋ ಸಲ ನನಗೆ ನಾನೇ, ಆ ಗಡಿಬಿಡಿಯಲ್ಲಿ ತಿಳಿಯಲಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಪರದೆಯ ಹಗ್ಗಕ್ಕೆ ಕೈ ಕೂಡ ಹಾಕಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಅಜ್ಜಿ, ಬಸಯ್ಯನ ಮಾತಿನ ನಡುವೆಯೇ, "ಆಮ್ಚೆಂ ದಾರ್," ಎಂದು ಕೊಂಕಣಿಯಲ್ಲಿ ಅಂದಳು. ನಮ್ಮ ಬಾಗಿಲು. ಕೂಗಿ ಅಲ್ಲ, ತನ್ನಷ್ಟಕ್ಕೆ ಅಂದಂತೆ. ನಾನು ಬರೆದ ಮಾತಿಗೆ ಹಾಗೆ ಒಂದು ಜೀವ ಅಲುಗಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಕೈ ಹಿಂದಕ್ಕೆ ತೆಗೆದೆ.

ಬಾಗಿಲು ಇಳಿಯುವುದಕ್ಕೆ ಇನ್ನು ಎಷ್ಟು ಪುಟ ಎಂದು ನೋಡಿದೆ. ಹನ್ನೊಂದು. ಕಾಲು ಗಂಟೆಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಆಚೆ ಮಗ್ಗುಲಿಗೆ ನೀಲವ್ವ ಬಂದಿದ್ದಳು. ಪಿನ್ನುಗಳನ್ನು ಉಗುಳಿ, ಸೆರಗು ಸಿಕ್ಕಿಸಿ, ದಸ್ತಗೀರನ ಹಿಂದೆ ಕುಳಿತು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡಳು. ಇಬ್ಬರೂ ಹಿಡಿದರೂ ಬಾಗಿಲು ಒಂದು ಗೇಣು ಕೆಳಗೆ ಜಾರಿತು. ಸವಿತಾಳ ಜಡೆಯ ಮೇಲೆ ಅದರ ನೆರಳು ಬಿದ್ದದ್ದು ನನಗೆ ಕಂಡಿತು.

ಆಗ ನನಗೆ ತೋಚಿದ್ದು ಒಂದೇ, ಪುಟ ಹಾರಿಸುವುದು. ಬಸಯ್ಯ ನನ್ನ ಹತ್ತಿರ ಸುಳಿದಾಗ ಎಂಟು ಪುಟ ಮುಂದಿನ ಮಾತನ್ನು ಪಿಸುಗುಟ್ಟಿದೆ: "ಎಲ್ಲಾರೂ ಹಿಂದ ಸರೀರಿ, ನೀರು ಬಂತು."

ಅವನು ಹುಬ್ಬು ಗಂಟಿಕ್ಕಿದ. ನಾನು ತಪ್ಪು ಪುಟ ತೆಗೆದಿದ್ದೇನೆ ಎಂದುಕೊಂಡು ತನ್ನ ಮಾತನ್ನೇ ಮುಂದುವರಿಸಿದ. ಪಾಠ ಅಷ್ಟು ಗಟ್ಟಿ ಮಾಡಿದ್ದ ಪುಣ್ಯಾತ್ಮ! ಮತ್ತೆ ಅಂದೆ. ಮತ್ತೆ ತಪ್ಪಿಸಿಕೊಂಡ. ಮೂರನೆಯ ಸಲ ನಾನು ಪಿಸುಗುಟ್ಟಲಿಲ್ಲ, ಬಹುಶಃ ಮುಂದಿನ ಸಾಲಿಗೂ ಕೇಳಿಸಿರಬೇಕು. ಬಸಯ್ಯ ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ತಕ್ಷಣ ತಿರುಗಿ, ಎರಡೂ ಕೈ ಚಾಚಿ, "ಎಲ್ಲಾರೂ ಹಿಂದ ಸರೀರಿ, ನೀರು ಬಂತು!" ಎಂದು ಗುಡುಗಿದ. ತಮ್ಮನ ಪಾತ್ರದವನು ಬೆರಗಾಗಿ ಸರಿದ. ಸವಿತಾ ಮಾತ್ರ ತನ್ನ ಹಳೆಯ ಮಾತನ್ನೇ ಶುರು ಮಾಡಿದಳು. ಬಸಯ್ಯ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡ.

ಬಾಗಿಲು ಇಳಿಯತೊಡಗಿತು. ಮೊದಲು ನಿಧಾನ, ಆಮೇಲೆ ಬೇಗ, ಕೊನೆಯ ಮೂರಡಿ ಒಂದೇ ಸಲ. ವೇದಿಕೆಯ ಹಲಗೆ ನಡುಗಿ ಧೂಳೆದ್ದಿತು. ಜನರಿಗೆ ಅದೂ ನಾಟಕವೇ. ಅಜ್ಜಿ ಎದ್ದು ವೇದಿಕೆಯ ಅಂಚಿಗೆ ಬಂದು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಂಥ ಚಪ್ಪಾಳೆ ನಮ್ಮ ತಂಡಕ್ಕೆ ಹಿಂದೆಯೂ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

ನಾನು ಓಡಿ ಆಚೆ ಹೋದೆ. ನೀಲವ್ವ ರಾಣಿಯ ಹಳೆ ಸೀರೆ ಹರಿದು ದಸ್ತಗೀರನ ಕೈಗೆ ಸುತ್ತುತ್ತಿದ್ದಳು. ಅಂಗೈಯ ಚರ್ಮ ಹಗ್ಗಕ್ಕೆ ಹೋಗಿತ್ತು. ತಂಡದ ಕಾರ್ಯದರ್ಶಿ ಬಂದು, "ಏನಾತೋ?" ಎಂದು ಕೇಳಿದ. ದಸ್ತಗೀರ್ ನನ್ನ ಕಡೆ ನೋಡದೆ, "ಮುಂಜಾನೆ ಸೈಲೆನ್ಸರ್ ತಾಗಿ ಕೈ ಸುಟ್ಟಿತ್ರಿ," ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಬಸಯ್ಯ ಬಂದು, ಪುಟ ಹಾರಿಸಿದ್ದೇಕೆ ಎಂದು ಕೇಳಿದಾಗ, "ಹಿರ್‍ಯಾರಿಗೆ ಬಸ್ಸಿಗೆ ಹೊತ್ತಾಗ್ತಿತ್ತು," ಎಂದೆ. ಆ ಕೈಯಿಂದ ಮೂರು ತಿಂಗಳು ದಸ್ತಗೀರನಿಗೆ ಪಾನಾ ಹಿಡಿದು ಒಂದು ನಟ್ಟು ತಿರುಗಿಸಲಾಗಲಿಲ್ಲ. ಮರುವರ್ಷವೂ ಅವನು ಬಂದ. ನಾವು ಆ ಮಾತು ಎತ್ತಲೇ ಇಲ್ಲ.

ಟಾಕಿ ಏರಿದ ಮರುದಿನ ನಾನು ಬಸಯ್ಯನ ಅಂಗಡಿಗೆ ಹೋದೆ. ಗೋವಿನಜೋಳದ ಬೀಜದ ಚೀಲಗಳ ನಡುವೆ ನಿಂತು ಎಲ್ಲ ಹೇಳಿದೆ. ಅವನು ಅರ್ಧಕ್ಕೆ ತಡೆಯಲಿಲ್ಲ. ಮುಗಿದ ಮೇಲೆ ಹಣೆಯ ವಿಭೂತಿಯನ್ನು ಬೆರಳಿನಿಂದ ಉಜ್ಜಿಕೊಂಡು ಕೇಳಿದ:

"ಪರದೆ ಹಗ್ಗ ನಿಮ್ಮ ಕೈಯಾಗ ಇತ್ತು?"

"ಇತ್ತು."

"ಕೆಳಗ ನನ್ನ ಮಗಳಿದ್ಲು. ನಿಮಗ ಗೊತ್ತಿತ್ತು."

"ಗೊತ್ತಿತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗಿರಾಕಿಯನ್ನು ಕಳಿಸಿ, ಷಟರ್ ಎಳೆದು, "ನಡೀರಿ ದಾಂಡೇಲಿಗೆ," ಎಂದ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ನಿಂತುಕೊಂಡ.

ದಸ್ತಗೀರ್ ಗ್ಯಾರೇಜಿನ ಮುಂದೆ ಒಂದು ಬೈಕಿನ ಚೈನು ಬಿಚ್ಚುತ್ತಿದ್ದ. ಬಸಯ್ಯ ಹೋದವನೇ ಅವನ ಎದುರು ಕುಕ್ಕರಗಾಲಲ್ಲಿ ಕುಳಿತು, ಎಣ್ಣೆ ಮೆತ್ತಿದ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದ. ಅಡ್ಡಕ್ಕೆ ಒಂದು ಹೊಳೆಯುವ ಗೆರೆ. ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಮೂರು ವರ್ಷದಿಂದ ಆ ಕೈಯಿಂದ ಚಹಾ ಇಸಕೊಂಡು ಕುಡಿದವಳು ನಾನು, ಅದನ್ನು ಅಂದೇ ನೋಡಿದೆ.

"ಹೇಳಿಬಿಟ್ರೇನ್ರಿ ಅಕ್ಕಾರ?" ಎಂದ ದಸ್ತಗೀರ್.

"ಸವಿತಾನ ಮ್ಯಾಲ ಬೀಳೂದನ್ನ ಹಿಡದಿ," ಎಂದ ಬಸಯ್ಯ. "ನಿನಗ ಒಂದ್ ಒಳ್ಳೇ ಮಾತು ಅಂದಿಲ್ಲ ನಾನು."

"ನಾ ಒಬ್ಬಾಂವ ಅಲ್ರಿ, ನೀಲವ್ವಕ್ಕನೂ ಹಿಡದಾಳ. ಅಕಿ ಸೊಂಟಾ ಇನ್ನೂ ನೋಯ್ತೈತಿ, ಹೇಳೂದಿಲ್ಲ."

ಉಳಿದಿದ್ದ ಮಾತನ್ನು ನಾನು ಅಲ್ಲಿ ಹೇಳಿದೆ. "ನೀ ಗದ್ದ ಎತ್ತಿ ತೋರಿಸಿದ್ದು ನನಗ ತಿಳಿದಿತ್ತು, ದಸ್ತಗೀರ್."

ಅವನು ಕೈ ಬಿಡಿಸಿಕೊಂಡು ಹತ್ತಿಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ನಿಮಗ ತಿಳದೈತಿ ಅಂತ ನನಗೂ ಗೊತ್ತಿತ್ರಿ," ಎಂದ. ಆಮೇಲೆ ಚೈನನ್ನು ಎತ್ತಿಕೊಂಡು, ತಲೆ ತಗ್ಗಿಸಿಯೇ, "ಐತವಾರದಿಂದ ತಾಲೀಮು ಸುರು ಅಲ್ರಿ? ಈ ಸಲ ನಾ ಗದ್ದ ಎತ್ತಿದ್ರ ಪರದೆ ಎಳೀರಿ."

ಬಸಯ್ಯ ಅಂಗಡಿ ಬಿಟ್ಟ ಮೇಲೆ ಮೊದಲ ಸಲ ನನ್ನ ಮುಖ ನೋಡಿದ, ಉತ್ತರಕ್ಕೆ ಕಾಯುವವನ ಹಾಗೆ.

"ಎಳೀತೇನಿ," ಎಂದೆ.