ಚೀಲದಕ್ಕನ ಅಂಗಡಿಗೆ ಬಾಗಿಲು ಹಾಕಿದವರು

ಗಂಡ ಹೋದ ಮೇಲೆ ಚೀಲದಕ್ಕನಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಮೈದುನನ ಮೇಲಂತೂ ಇಲ್ಲವೇ ಇಲ್ಲ.

ಬಟ್ಟೆ ಚೀಲ ಹೊಲಿಯುವುದು ಅವಳ ಕೆಲಸ. ಫೋಟೋ ತೆಗೆದು ವೆಬ್‌ಸೈಟಿನಲ್ಲಿ ಮಾರುವುದು ಗಂಡನದಾಗಿತ್ತು. ಈಗ ಅದನ್ನು ಮೈದುನ ನೋಡಿಕೊಳ್ಳುತ್ತಿದ್ದ. ಹಾಸಿಗೆ ಹಿಡಿದಾಗ ಗಂಡ ಪಾಸ್‌ವರ್ಡನ್ನು ತಮ್ಮನಿಗೆ ಹೇಳಿದ್ದ, ಹೆಂಡತಿಗೆ ಹೇಳಿರಲಿಲ್ಲ. ಆ ಮುಳ್ಳು ಅವಳ ಒಳಗೇ ಮುರಿದುಕೊಂಡಿತ್ತು.

ವ್ಯಾಪಾರ ಕುದುರಿತು. ಸರಿಯಾಗಿ ಆಗಲೇ ಸೈಟು ಕೈಕೊಡತೊಡಗಿತು. ಬೆಳಿಗ್ಗೆ ತೆರೆಯುತ್ತಿತ್ತು. ಗಿರಾಕಿಗಳು ಬರುವ ಹೊತ್ತಿಗೆ ಬರೀ ಬಿಳಿ ಪರದೆ.

"ನಿಜ ಹೇಳಪ್ಪಾ, ನನ್ನ ಗಿರಾಕಿಗಳನ್ನ ಎಲ್ಲಿಗೆ ಸಾಗಿಸ್ತಿದ್ದೀಯ?"

"ಅವರೇನು ಕುರಿಗಳಾ ಅತ್ತಿಗೆ, ಹೊಡ್ಕೊಂಡು ಹೋಗೋಕೆ?"

ಅವಳಿಗೆ ನಗು ಬರಲಿಲ್ಲ. ಮನೆಗೆ ಹೊಲಿಯಲು ಬರುವ ಹೆಂಗಸರನ್ನೆಲ್ಲ ಸೈಟಿನ ಕಾವಲಿಗೆ ಹಚ್ಚಿದಳು. ಒಂದೊಂದು ಚೀಲ ಮುಗಿದಾಗಲೂ ಫೋನಿನಲ್ಲಿ ಸೈಟು ತೆರೆದು ನೋಡಬೇಕು. ತೆರೆಯದಿದ್ದರೆ ಮತ್ತೆ ಮತ್ತೆ ಒತ್ತಬೇಕು. ಕಾವಲು ಹೆಚ್ಚಿದಷ್ಟೂ ಸೈಟು ಹೆಚ್ಚು ಮುಚ್ಚಿತು. ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

"ಪಾಸ್‌ವರ್ಡ್ ಕೊಟ್ಟುಬಿಡು. ನಾಳೆಯಿಂದ ಈ ಕಡೆ ಬರಬೇಡ."

ಮೈದುನ ಸೈಟಿಗೆ ಜಾಗ ಬಾಡಿಗೆ ಕೊಟ್ಟ ಕಂಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ.

"ನಿಮ್ಮದು ಶೇರ್ಡ್ ಹೋಸ್ಟಿಂಗ್ ಮೇಡಂ," ಎಂದಳು ಕಂಪನಿಯ ಹುಡುಗಿ. "ಒಂದೇ ಕಂಪ್ಯೂಟರಲ್ಲಿ ಎಷ್ಟೋ ಜನರ ಸೈಟುಗಳಿರ್ತವೆ. ಒಬ್ಬರ ಕಡೆಗೇ ಜನ ನುಗ್ಗಿದ್ರೆ ನಾವು ತಡೀತೀವಿ."

"ಜಾಹೀರಾತಲ್ಲಿ ಅನ್‌ಲಿಮಿಟೆಡ್ ಅಂತ ಇಷ್ಟುದ್ದ ಬರ್ದಿದ್ದೀರಲ್ಲ?" ಎಂದಳು ಚೀಲದಕ್ಕ.

"ಅದು ಫೋಟೋ ಇಡೋ ಜಾಗಕ್ಕೆ. ಒಟ್ಟಿಗೆ ಎಷ್ಟು ಜನ ಬರಬಹುದು ಅನ್ನೋದಕ್ಕೆ ಮಿತಿ ಇದೆ. ಷರತ್ತುಗಳಲ್ಲಿ ಹಾಕಿದ್ದೀವಿ."

"ಅಂದ್ರೆ ಅಂಗಡಿ ಅರಮನೆಯಷ್ಟು, ಬಾಗಿಲು ಬೆಕ್ಕು ನುಸುಳೋಷ್ಟು ಅನ್ನಿ."

ಹುಡುಗಿ ಗಂಟಲು ಸರಿಮಾಡಿಕೊಂಡಳು. "ಇನ್ನೊಂದು ಮೇಡಂ. ಬರೋರಲ್ಲಿ ಅರ್ಧಕ್ಕರ್ಧ ನಿಮ್ಮ ಮನೆ ಇಂಟರ್ನೆಟ್ಟಿಂದಾನೇ ಬರ್ತಿದ್ದಾರೆ."

ಮಷೀನುಗಳು ನಿಂತವು. ಹೆಂಗಸರು ಫೋನುಗಳನ್ನು ಬಟ್ಟೆಯ ಕೆಳಗೆ ಸರಿಸಿದರು.

ಚೀಲದಕ್ಕ ಫೋನು ಕಟ್ ಮಾಡಿ ಮೈದುನನ ಕಡೆ ತಿರುಗಿದಳು. "ನಿಮ್ಮಣ್ಣ ಪಾಸ್‌ವರ್ಡ್ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ದಿನವಿಡೀ ಅದನ್ನೇ ನೋಡ್ತಾ ಕೂರ್ತಾಳೆ, ಹೊಲಿಗೆ ನಿಲ್ಲತ್ತೆ ಅಂದಿದ್ದ."

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಬಾಯಿಯಲ್ಲಿ ದಾರ ಕಚ್ಚಿ ತುಂಡರಿಸಿದಳು.

"ಬೇರೆ ಕಂಪನಿ ಹುಡುಕು. ಷರತ್ತು ಪೂರ್ತಿ ಓದು. ಜೋರಾಗಿ ಓದು, ನಾನೂ ಕೇಳಿಸ್ಕೋಬೇಕು. ಆ ಹುಡುಗಿ ಮಾತನ್ನೂ ನಾನು ನಂಬಲ್ಲ."

"ಅಂದ್ರೆ ನಾಳೆ ಬರಲಾ ಅತ್ತಿಗೆ?"

"ಬೇಗ ಬಾ."